ನವಿಲಿಗೂ ಎರೆಭೂತಕ್ಕೂ ಒಂದೇ ಕಾನೂನು. ಒಂದು ಹೊಲ ತುಂಬಿತು, ಇನ್ನೊಂದು ಎಲ್ಲಿ ಹೋಯಿತು?

ಮುಂಗಾರಿ ಬಿತ್ತನೆ ಶುರುವಾಯಿತೆಂದರೆ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಸುದ್ದಿಪುಟಗಳಲ್ಲಿ ಒಂದು ತಲೆಬರಹ ತಪ್ಪುವುದಿಲ್ಲ: ನವಿಲು ಕಾಟ. ಬಿತ್ತಿದ ಬೀಜ ಆರಿಸಿ ತಿಂದವು, ಮೊಳಕೆ ಕಿತ್ತವು, ಪರಿಹಾರ ಕೊಡಿ ಎಂಬ ಬೇಡಿಕೆ. ಅದೇ ಹೊತ್ತಿಗೆ ಇನ್ನೊಂದು ಹಕ್ಕಿಯ ಸುದ್ದಿಯೂ ಬರುತ್ತಿರುತ್ತದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ನಮ್ಮ ಎರೆಭೂತ, ಅಳಿವಿನ ಅಂಚಿನಲ್ಲಿದೆ. ಅದಕ್ಕಾಗಿ ಸುಪ್ರೀಂ ಕೋರ್ಟ್ ರಾಜಸ್ಥಾನದಲ್ಲಿ ವಿದ್ಯುತ್ ಲೈನ್‌ಗಳಿಗೇ ಕಡಿವಾಣ ಹಾಕಿದೆ ಎಂಬ ಸುದ್ದಿ.

ಓದುವವರಿಗೆ ಗೊಂದಲ ಆಗುವುದು ಸಹಜ. ಎರಡೂ ಹಕ್ಕಿಗಳು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಯಾವುದನ್ನು ಕೊಂದರೂ ಶಿಕ್ಷೆ ಒಂದೇ. ಹಾಗಿದ್ದರೆ ಒಂದು ಸಾಕಪ್ಪಾ ಸಾಕು ಅನ್ನುವಷ್ಟು ಬೆಳೆದದ್ದು, ಇನ್ನೊಂದು ಹುಡುಕಿದರೂ ಸಿಗದಂತೆ ಆದದ್ದು ಹೇಗೆ? ಜಾಸ್ತಿ ಆಗಿರುವ ಹಕ್ಕಿಗೆ ಇಷ್ಟು ಬಿಗಿ ರಕ್ಷಣೆ ಇನ್ನೂ ಬೇಕಾ? ಹಳ್ಳಿ ಕಟ್ಟೆಯ ಮೇಲೂ ಕೇಳಿಬರುವ ಪ್ರಶ್ನೆಗಳಿವು. ಉತ್ತರ ಹುಡುಕುತ್ತ ಹೋದರೆ ಮಾತು ಹಕ್ಕಿಗಿಂತ ಹೆಚ್ಚಾಗಿ ನೆಲದ ಕಡೆ ತಿರುಗುತ್ತದೆ.

ಕೋರ್ಟ್ ಹೇಳಿದ್ದೇನು

ಮೊದಲು ಕೋರ್ಟಿನ ಕಥೆ ಮುಗಿಸೋಣ. ಎಂ.ಕೆ. ರಂಜಿತ್‌ಸಿನ್ಹ್ ಎಂಬ ನಿವೃತ್ತ ಐಎಎಸ್ ಅಧಿಕಾರಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕರಡು ಬರೆಯುವುದರಲ್ಲಿ ಇವರ ಪಾತ್ರ ದೊಡ್ಡದು. ಕಾಯ್ದೆ ಬರೆದವರೇ ಕಾಯ್ದೆ ಸಾಲದು ಎಂದು ಕೋರ್ಟಿನ ಬಾಗಿಲು ತಟ್ಟಿದರು ಅಂದರೆ ಸಮಸ್ಯೆ ಎಂಥದ್ದು ಎಂದು ಊಹಿಸಬಹುದು.

2021ರ ಏಪ್ರಿಲ್‌ನಲ್ಲಿ ಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ರಾಜಸ್ಥಾನ, ಗುಜರಾತಿನ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳಿಗೆ ನಿರ್ಬಂಧ, ಸಾಧ್ಯವಿರುವ ಕಡೆ ನೆಲದೊಳಗೆ ಕೇಬಲ್. ಇದು ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ ವಿಸ್ತೀರ್ಣ. ಕೇಂದ್ರ ಸರ್ಕಾರ ಮರಳಿ ಕೋರ್ಟಿಗೆ ಹೋಯಿತು. ದೊಡ್ಡ ವೋಲ್ಟೇಜಿನ ಲೈನ್ ಅಷ್ಟು ದೂರ ನೆಲದಡಿ ಎಳೆಯುವುದು ತಾಂತ್ರಿಕವಾಗಿ ಆಗದ ಮಾತು, ದೇಶದ ಸೌರ ಮತ್ತು ಪವನ ವಿದ್ಯುತ್ ಗುರಿಯೇ ತಪ್ಪುತ್ತದೆ ಎಂದು ವಾದಿಸಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಹಳೆಯ ಆದೇಶ ಹಿಂತೆಗೆದುಕೊಂಡು ತಜ್ಞರ ಸಮಿತಿ ಮಾಡಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು ಎಂದು ಅದೇ ತೀರ್ಪು ಹೇಳಿತು. 2025ರ ಡಿಸೆಂಬರ್ 19ರಂದು ಸಮಿತಿಯ ಶಿಫಾರಸುಗಳನ್ನು ಕೋರ್ಟ್ ಒಪ್ಪಿತು. ರಾಜಸ್ಥಾನದಲ್ಲಿ 14,013, ಗುಜರಾತಿನಲ್ಲಿ 740 ಚದರ ಕಿಲೋಮೀಟರ್ ಆದ್ಯತೆಯ ಪ್ರದೇಶ. ಅದರೊಳಗೆ ಹೊಸ ಗಾಳಿಯಂತ್ರ ಬೇಡ, 2 ಮೆಗಾವ್ಯಾಟ್‌ಗಿಂತ ದೊಡ್ಡ ಹೊಸ ಸೌರ ಘಟಕ ಬೇಡ.

ನಮ್ಮ ಅಳತೆಗೆ ತಂದು ನೋಡಿದರೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಕೂಡಿಸಿದರೆ ಸುಮಾರು 13,700 ಚದರ ಕಿಲೋಮೀಟರ್. ಒಂದು ಹಕ್ಕಿಗಾಗಿ ರಾಜಸ್ಥಾನದಲ್ಲಿ ಅಷ್ಟು ನೆಲಕ್ಕೆ ಬೇಲಿ ಹಾಕದೆಯೇ ನಿಯಮ ಹಾಕಿದ್ದಾರೆ. ಕರ್ನಾಟಕ ಮಾತ್ರ ಈ ನಕ್ಷೆಯಲ್ಲಿ ಇಲ್ಲ.

ಎರಡು ಪಟ್ಟಿ, ಎರಡು ಲೆಕ್ಕ

ಗೊಂದಲದ ಮೊದಲ ಮೂಲ ಪಟ್ಟಿಗಳಲ್ಲಿದೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿ ಒಂದು. ಜೀವಿ ಅಳಿದುಹೋಗುವ ಅಪಾಯ ಎಷ್ಟಿದೆ ಎಂದಷ್ಟೇ ಅದು ಹೇಳುತ್ತದೆ. ಅದರ ಪ್ರಕಾರ ನವಿಲಿಗೆ ಸದ್ಯ ಚಿಂತೆಯಿಲ್ಲ. ಪಟ್ಟಿಯ ಅತ್ಯಂತ ಕೆಳಗಿನ, ನೆಮ್ಮದಿಯ ಮೆಟ್ಟಿಲಲ್ಲಿದೆ. ಎರೆಭೂತವನ್ನು 2011ರಲ್ಲಿ ತೀವ್ರ ಅಪಾಯದ ಮೆಟ್ಟಿಲಿಗೆ ಏರಿಸಿದರು. ಅದರ ಮೇಲೆ ಉಳಿದಿರುವುದು ಕಾಡಿನಲ್ಲಿ ಇಲ್ಲವಾಗುವುದು, ಪೂರ್ತಿ ಇಲ್ಲವಾಗುವುದು, ಅಷ್ಟೇ.

ಇನ್ನೊಂದು ನಮ್ಮ ದೇಶದ ಕಾನೂನಿನ ಅನುಸೂಚಿ. ಇದು ಅಪಾಯ ಅಳೆಯುವ ಪಟ್ಟಿಯಲ್ಲ, ಯಾರನ್ನು ಮುಟ್ಟಿದರೆ ಎಷ್ಟು ಶಿಕ್ಷೆ ಎಂದು ಹೇಳುವ ಪಟ್ಟಿ. ಅಳಿವಿನ ಅಪಾಯದ ಜೊತೆಗೆ ಬೇಟೆಯ ಆಸೆ, ವ್ಯಾಪಾರ, ಸಂಸ್ಕೃತಿಯಲ್ಲಿ ಆ ಜೀವಿಗಿರುವ ಸ್ಥಾನ ಎಲ್ಲವೂ ಇಲ್ಲಿ ಸೇರಿಕೊಳ್ಳುತ್ತವೆ. ನವಿಲು ರಾಷ್ಟ್ರಪಕ್ಷಿ, ಗರಿಗೆ ಬೆಲೆಯಿದೆ, ಮಾಂಸಕ್ಕೆ ಕಳ್ಳಬೇಟೆಯೂ ಇದೆ. ಹಾಗಾಗಿ ಒಂದನೇ ಅನುಸೂಚಿ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಎರೆಭೂತಕ್ಕೂ ಇಷ್ಟೇ.

ಒಂದು ಪಟ್ಟಿ ರೋಗದ ತೀವ್ರತೆ ಹೇಳುತ್ತದೆ, ಇನ್ನೊಂದು ಹೊಡೆದವನಿಗೆ ಶಿಕ್ಷೆ ಹೇಳುತ್ತದೆ. ಎರಡನ್ನೂ ಒಂದೇ ಎಂದುಕೊಂಡಾಗಲೇ ಗಲಿಬಿಲಿ ಶುರುವಾಗುವುದು.

ಬದುಕು ಒಂದೇ ತರಹ, ನೆಂಟಸ್ತಿಕೆ ಇಲ್ಲ

ಎರಡು ಹಕ್ಕಿಗಳ ಬದುಕು ನೋಡಿದರೆ ಇವು ಅಣ್ಣ ತಮ್ಮ ಇರಬೇಕು ಅನ್ನಿಸುತ್ತದೆ. ಎರಡೂ ಭಾರೀ ಹಕ್ಕಿಗಳು. ಹಾರುವುದಕ್ಕಿಂತ ನಡೆಯುವುದೇ ಜಾಸ್ತಿ. ಎರಡರಲ್ಲೂ ಗಂಡು ಹೆಣ್ಣಿನ ಮುಂದೆ ಮೆರೆಯುತ್ತದೆ. ನವಿಲು ಗರಿ ಬಿಚ್ಚಿ ಕುಣಿದರೆ, ಎರೆಭೂತದ ಗಂಡು ಗಂಟಲಿನ ಚೀಲ ಊದಿಸಿ, ಬಾಲ ಬೆನ್ನ ಮೇಲೆ ಮಡಚಿ, ದೂರಕ್ಕೆ ಕೇಳುವಂತೆ ಗುಮ್ಮೆನ್ನುತ್ತದೆ. ಮೆರೆದಾದ ಮೇಲೆ ಗಂಡಿನ ಕೆಲಸ ಮುಗಿಯಿತು. ಕಾವು ಕೊಡುವುದು, ಮರಿ ಸಾಕುವುದು ಹೆಣ್ಣಿನ ಪಾಲಿಗೆ. ಎರಡೂ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಕಾಳು, ಹುಳ, ಮಿಡತೆ, ಹಲ್ಲಿ, ಬಾರಿ ಹಣ್ಣು, ಏನು ಸಿಕ್ಕರೂ ತಿನ್ನುತ್ತವೆ.

ಆದರೆ ನೆಂಟಸ್ತಿಕೆ ಇಲ್ಲ. ನವಿಲು ಕೋಳಿ, ಗೌಜಲಕ್ಕಿಗಳ ಕುಲ. ಎರೆಭೂತದ ಗಣವೇ ಬೇರೆ. ಈ ಬೇರೆತನ ಕಾಣಬೇಕಾದರೆ ಕಾಲಿನ ಬೆರಳು ನೋಡಬೇಕು. ನವಿಲಿಗೆ ಮುಂದೆ ಮೂರು, ಹಿಂದೆ ಒಂದು ಬೆರಳು. ಹಿಂದಿನ ಬೆರಳಿನಿಂದ ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಸಂಜೆಯಾದರೆ ಬೇವು, ಹುಣಸೆ, ಆಲ, ಕೊನೆಗೆ ಮನೆಯ ಮಾಳಿಗೆ, ಎಲ್ಲಿಯಾದರೂ ಎತ್ತರಕ್ಕೆ ಹಾರಿ ಕೂತು ರಾತ್ರಿ ಕಳೆಯುತ್ತದೆ. ಎರೆಭೂತಕ್ಕೆ ಆ ಹಿಂದಿನ ಬೆರಳೇ ಇಲ್ಲ. ಮೂರೂ ಬೆರಳು ಮುಂದಕ್ಕೆ. ಕೊಂಬೆಯ ಮೇಲೆ ಕೂರಲು ಬರುವುದಿಲ್ಲ. ಹಗಲಿರಲಿ ರಾತ್ರಿಯಿರಲಿ ಅದು ನೆಲದ ಮೇಲೇ. ನಾಯಿ ಬಂದರೂ ನರಿ ಬಂದರೂ ಅದಕ್ಕಿರುವ ರಕ್ಷಣೆ ಒಂದೇ: ದೂರದಿಂದಲೇ ನೋಡಿ ಓಡುವುದು ಅಥವಾ ಹಾರುವುದು. ದೂರ ಕಾಣಬೇಕಾದರೆ ಬಯಲು ಬೇಕು. ಗಿಡ ದಟ್ಟವಾದರೆ ನವಿಲಿಗೆ ಮನೆ, ಎರೆಭೂತಕ್ಕೆ ಕುರುಡು.

ಮೊಟ್ಟೆಯ ಲೆಕ್ಕವೂ ಬೇರೆ. ಹೆಣ್ಣು ನವಿಲು ಸಾಮಾನ್ಯವಾಗಿ ನಾಲ್ಕಾರು ಮೊಟ್ಟೆ ಇಡುತ್ತದೆ. ಎರೆಭೂತ ಇಡುವುದು ಹೆಚ್ಚಾಗಿ ವರ್ಷಕ್ಕೆ ಒಂದೇ. ಆ ಒಂದು ಮೊಟ್ಟೆಯನ್ನು ಮುಂಗಸಿಯೋ ನಾಯಿಯೋ ತಿಂದರೆ, ಅಥವಾ ದನದ ಕಾಲಿಗೆ ಸಿಕ್ಕರೆ, ಆ ವರ್ಷ ಹೋದಂತೆಯೇ. ನವಿಲಿನ ನಾಲ್ಕರಲ್ಲಿ ಎರಡು ಹೋದರೂ ಸಂಸಾರ ನಡೆಯುತ್ತದೆ.

ಬಂದೂಕು ನಿಂತ ಮೇಲೆ

ಮೊದಲು ಎರಡೂ ಹಕ್ಕಿಗಳಿಗೆ ಕಾಟ ಕೊಟ್ಟದ್ದು ಬಂದೂಕೇ. ಬ್ರಿಟಿಷ್ ಕಾಲದಲ್ಲಿ ಎರೆಭೂತದ ಬೇಟೆ ದೊಡ್ಡ ಮೋಜು. ಅಹಮದ್‌ನಗರದ ಸುತ್ತ ಒಬ್ಬನೇ ಬೇಟೆಗಾರ 1809ರಿಂದ 1829ರ ನಡುವೆ 961 ಹಕ್ಕಿ ಹೊಡೆದ ದಾಖಲೆ ಇದೆ. ಇವತ್ತು ಜಗತ್ತಿನಲ್ಲಿ ಉಳಿದಿರುವ ಎಲ್ಲ ಎರೆಭೂತಗಳನ್ನು ಕೂಡಿಸಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಇತ್ತೀಚಿನ ವರ್ಷಗಳ ಅಂದಾಜು 150ರ ಆಸುಪಾಸು; ಅದರಲ್ಲಿ ಹೆಚ್ಚಿನವು ಜೈಸಲ್ಮೇರ್ ಕಡೆಯ ಮರುಭೂಮಿಯಲ್ಲಿ. ಒಂದು ಕಾಲದಲ್ಲಿ 11 ರಾಜ್ಯಗಳಲ್ಲಿ ಇದ್ದ ಹಕ್ಕಿ ಇದು. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು.

ಭಾರತಕ್ಕೆ ರಾಷ್ಟ್ರಪಕ್ಷಿ ಆರಿಸುವಾಗ ಈ ಎರಡು ಹಕ್ಕಿಗಳು ಮುಖಾಮುಖಿ ಆದದ್ದೂ ಉಂಟು. ಪಕ್ಷಿತಜ್ಞ ಸಲೀಂ ಅಲಿ ಎರೆಭೂತದ ಪರವಾಗಿದ್ದರು. ರಾಷ್ಟ್ರದ ಗೌರವ ಸಿಕ್ಕರೆ ಕಷ್ಟದಲ್ಲಿರುವ ಹಕ್ಕಿಗೆ ಕಾವಲೂ ಸಿಗುತ್ತದೆ ಎಂಬ ಲೆಕ್ಕ. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಎಲ್ಲರಿಗೂ ಗೊತ್ತಿರುವ, ಕಾರ್ತಿಕೇಯನ ವಾಹನವಾದ, ಚಂದದ ಹಕ್ಕಿ. ಜನ ಒಪ್ಪುವ ಆಯ್ಕೆಯೇ. ಆದರೂ ಸಲೀಂ ಅಲಿಯವರ ಮಾತು ಈಗ ಓದಿದರೆ ಸುಮ್ನೆ ದಾಟಿ ಹೋಗಲು ಆಗುವುದಿಲ್ಲ.

1972ರ ಕಾಯ್ದೆ ಇಬ್ಬರ ಮೇಲಿನ ಬಂದೂಕನ್ನೂ ಕೆಳಗಿಳಿಸಿತು. ನವಿಲಿನ ಮುಖ್ಯ ತೊಂದರೆಯೇ ಅದಾಗಿತ್ತು. ಅದು ಕಮ್ಮಿಯಾದ ಮೇಲೆ ಹಕ್ಕಿ ಚೇತರಿಸಿತು. ದೇಶದ ಸಾವಿರಾರು ಪಕ್ಷಿವೀಕ್ಷಕರ ದಾಖಲೆಗಳಿಂದ 2023ರಲ್ಲಿ ಸಿದ್ಧವಾದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಪ್ರಕಾರ ನವಿಲಿನ ಪ್ರಮಾಣ ಹಳೆಯ ಮಟ್ಟಕ್ಕಿಂತ ಸುಮಾರು 150 ಪ್ರತಿಶತ ಏರಿದೆ. ಹಿಂದೆ ನವಿಲು ಅಪರೂಪವಾಗಿದ್ದ ಕೇರಳದಲ್ಲಿ ಈಗ ಎಲ್ಲ ಜಿಲ್ಲೆಗಳಲ್ಲೂ ಇದೆ. ಎರೆಭೂತಕ್ಕೆ ಮಾತ್ರ ಬಂದೂಕಿನ ಹಿಂದೆಯೇ ಇನ್ನೊಂದು ಕಷ್ಟ ಕಾದಿತ್ತು. ಅದು ನಿಲ್ಲುವ ನೆಲವೇ ಬದಲಾಗತೊಡಗಿತ್ತು. ಬಂದೂಕಿಗೆ ಬರೆದ ಕಾನೂನು ನೆಲದ ವಿಷಯದಲ್ಲಿ ಏನು ಮಾಡೀತು?

ಹಸಿರು ಮಾಡಿದ್ದು ಯಾರಿಗೆ ಒಳ್ಳೇದಾಯಿತು

ಇದನ್ನು ನೋಡಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ, ರಾಣೆಬೆನ್ನೂರು ಸಾಕು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ವನ್ಯಧಾಮ ಮಾಡಿದರು. ಕೃಷ್ಣಮೃಗದ ಜೊತೆ ಎರೆಭೂತವನ್ನೂ ಉಳಿಸುವುದು ಉದ್ದೇಶ. ಆದರೆ ವನ್ಯಧಾಮದ ಬಹುಭಾಗ ನೀಲಗಿರಿ ನೆಡುತೋಪು. ಹುಲ್ಲು ಬೆಳೆಯುತ್ತಿದ್ದ ಕುರುಚಲು ಬಯಲನ್ನು ‘ಸುಮ್ನೆ ಬಿದ್ದ ಜಾಗ’ ಎಂದುಕೊಂಡು ಮರ ನೆಟ್ಟ ಕಾಲ ಅದು. ಇಲಾಖೆಯ ಕಣ್ಣಿಗೆ ಮರ ಎಂದರೆ ಕಾಡು, ಹುಲ್ಲು ಎಂದರೆ ಬಂಜರು. ಇವತ್ತಿಗೂ ಕೇಂದ್ರ ಸರ್ಕಾರ ಹೊರತರುವ ಬಂಜರು ಭೂಮಿ ನಕ್ಷೆಯಲ್ಲಿ ದೇಶದ ಎಷ್ಟೋ ಹುಲ್ಲುಗಾವಲುಗಳು ಬಂಜರಿನ ಲೆಕ್ಕದಲ್ಲೇ ಇವೆ.

ಪರಿಣಾಮ ಏನಾಯಿತು? ಚಿಗರಿ, ಅಂದರೆ ಕೃಷ್ಣಮೃಗ, ಹೇಗೋ ಹೊಂದಿಕೊಂಡಿತು. ಸಾವಿರಗಟ್ಟಲೆ ಬೆಳೆಯಿತು, ತೋಪಿನಲ್ಲಿ ಮಲಗಿ ಸುತ್ತಲಿನ ಹೊಲದಲ್ಲಿ ಮೇಯುವುದು ಕಲಿಯಿತು. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ಅದರ ಹೆಸರೇ ಬಂತು. ಎರೆಭೂತಕ್ಕೆ ಆ ಹೊಂದಾಣಿಕೆ ಸಾಧ್ಯವಾಗಲಿಲ್ಲ. ಈಗ ರಾಣೆಬೆನ್ನೂರಿಗೆ ಚಿಗರಿ ನೋಡಲು ಜನ ಹೋಗುತ್ತಾರೆ. ಎರೆಭೂತ ನೋಡಲು ಯಾರೂ ಹೋಗುವುದಿಲ್ಲ.

ಬಳ್ಳಾರಿ ಜಾಲಿಯ ಕಥೆಯೂ ಹೀಗೇ. ಕೆರೆ ಅಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲ ಕಡೆ ಹಬ್ಬಿರುವ ಈ ಮುಳ್ಳುಗಿಡದ ಪೊದೆ ನವಿಲಿಗೆ ಮೊಟ್ಟೆ ಇಡಲು ಭದ್ರ ಕೋಟೆ. ಒಳಗೆ ಕೂತರೆ ಮನುಷ್ಯನೂ ಕಾಣುವುದಿಲ್ಲ, ನಾಯಿಯೂ ನುಗ್ಗುವುದಿಲ್ಲ. ಬೆಳಿಗ್ಗೆ ಎದ್ದು ಎರಡು ಹೆಜ್ಜೆ ಇಟ್ಟರೆ ಪಕ್ಕದಲ್ಲೇ ಹೊಲ. ಅದೇ ಜಾಲಿ ಹುಲ್ಲನ್ನು ಮುಚ್ಚಿದಾಗ ಎರೆಭೂತದ ಬಯಲು ಅಷ್ಟಷ್ಟೇ ಕಿರಿದಾಗುತ್ತದೆ.

ನೀರಾವರಿ ಮೂರನೆಯದು. ಮಲಪ್ರಭಾ ಕಾಲುವೆ, ತುಂಗಾ ಮೇಲ್ದಂಡೆ, ಜೊತೆಗೆ ಊರೂರಿಗೆ ಬೋರ್‌ವೆಲ್. ಹಿಂದೆ ಮಳೆ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಹೊಲ ಖಾಲಿ. ಆ ಖಾಲಿ ಹೊಲವೂ ಎರೆಭೂತಕ್ಕೆ ಬದುಕುವ ಜಾಗವೇ. ಸಿರುಗುಪ್ಪದ ಹಕ್ಕಿಗಳು ಉಳಿದಿರುವುದೂ ಇಂಥ ಹೊಲಗಳನ್ನು ನೆಚ್ಚಿಕೊಂಡೇ. ನೀರು ಬಂದರೆ ವರ್ಷಕ್ಕೆ ಎರಡು ಬೆಳೆ, ಆಳೆತ್ತರದ ಗೋವಿನಜೋಳ, ಕಬ್ಬು, ಬದುವಿನ ಮೇಲೆ ಮರ. ರೈತನಿಗೆ ಒಳ್ಳೆಯದೇ. ನವಿಲಿಗೂ ಒಳ್ಳೆಯದು, ಬೇಸಿಗೆಯಲ್ಲೂ ನೀರು, ನೆರಳು, ಕಾಳು. ಒಂದೇ ಬದಲಾವಣೆಯಿಂದ ಒಬ್ಬರ ಮನೆ ತುಂಬಿತು, ಇನ್ನೊಬ್ಬರ ಮನೆ ಖಾಲಿಯಾಯಿತು.

ಬಂಕಾಪುರ ಕೋಟೆ ನವಿಲಿನ ಈ ಅದೃಷ್ಟದ ಒಳ್ಳೆಯ ಮಾದರಿ. ಶಿಗ್ಗಾವಿ ತಾಲ್ಲೂಕಿನ ಈ ಹಳೆಯ ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರವಿದೆ. ಕಂದಕ, ಪೊದೆ, ಮರ, ಮೇವಿನ ಹೊಲ, ಜನರ ಓಡಾಟ ಕಮ್ಮಿ. 139 ಎಕರೆಯ ಈ ಜಾಗವೇ ನವಿಲುಧಾಮ ಆಯಿತು. 139 ಎಕರೆ ಅಂದರೆ ಅರ್ಧ ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟರಲ್ಲೇ ನವಿಲಿನ ಸಂಸಾರ ಸುಖವಾಗಿದೆ. ಎರೆಭೂತಕ್ಕೆ ಅಂಥ ಅಂಗಳ ಕೊಟ್ಟರೆ ಒಂದೇ ಹಾರಾಟದಲ್ಲಿ ದಾಟಿ ಹೋಗುತ್ತದೆ. ಅದಕ್ಕೆ ಬೇಕಾದ ಜಾಗವನ್ನು ಎಕರೆಯಲ್ಲಿ ಎಣಿಸಲು ಆಗುವುದಿಲ್ಲ.

ರೈತರ ಮಾತಿನಲ್ಲಿ ಹುರುಳಿದೆ

ನವಿಲು ಕಾಟ ಎಂಬುದು ಉತ್ಪ್ರೇಕ್ಷೆ ಎಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಹೊಲದಲ್ಲಿ ಆಗುವುದನ್ನು ಹತ್ತಿರದಿಂದ ನೋಡಬೇಕು. ಕೂರಿಗೆಯಲ್ಲಿ ಬಿತ್ತಿದ ಹೊಲದಲ್ಲಿ ಬೀಜ ಸಾಲು ಹಿಡಿದು ಬಿದ್ದಿರುತ್ತದೆ. ನವಿಲು ಆ ಸಾಲನ್ನೇ ಹಿಡಿಯುತ್ತದೆ. ಒಂದು ಕಾಲಿನಿಂದ ಮಣ್ಣು ಕೆದರುತ್ತದೆ, ಕುಕ್ಕುತ್ತದೆ, ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಶೇಂಗಾ ಮೊಳಕೆ ಒಡೆದಿದ್ದರೆ ಕೆಳಗಿನ ಕಾಳನ್ನು ತಿಂದು ಎಳೆ ಕುಡಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಒಂದು ಗುಂಪು ಬೆಳಗಿನ ಎರಡು ತಾಸಿನಲ್ಲಿ ಎಷ್ಟೋ ಸಾಲು ಖಾಲಿ ಮಾಡಬಲ್ಲದು.

ನಷ್ಟ ಬೀಜದ ದುಡ್ಡಿಗೆ ಮುಗಿಯುವುದಿಲ್ಲ. ಮತ್ತೆ ಬಿತ್ತಬೇಕಾದರೆ ಮತ್ತೆ ಆಳು, ಮತ್ತೆ ಎತ್ತು ಅಥವಾ ಟ್ರ್ಯಾಕ್ಟರ್ ಬಾಡಿಗೆ. ಅಷ್ಟರಲ್ಲಿ ಮಣ್ಣಿನ ಹದ ಹೋಗಿರುತ್ತದೆ. ಹದ ತಪ್ಪಿದ ಬಿತ್ತನೆಯ ಇಳುವರಿ ಏನು ಎಂದು ಎರಿ ಹೊಲದವರಿಗೆ ಹೇಳಿಕೊಡಬೇಕಿಲ್ಲ. ಹಳೆ ಸೀರೆ ಕಟ್ಟುವುದು, ಟೇಪು ಎಳೆಯುವುದು, ತಟ್ಟೆ ಬಡಿಯುವುದು, ಬೆದರುಬೊಂಬೆ ನಿಲ್ಲಿಸುವುದು ಎಲ್ಲ ಮಾಡುತ್ತಾರೆ. ಎರಡು ದಿನ ಹೆದರಿದ ನವಿಲು ಮೂರನೇ ದಿನ ಬೊಂಬೆಯ ಪಕ್ಕದಲ್ಲೇ ಮೇಯುತ್ತಿರುತ್ತದೆ.

ಪರಿಹಾರದ ವಿಷಯ ಇನ್ನೂ ತೊಡಕು. ಆನೆ ತುಳಿದ ಬಾಳೆ, ಹಂದಿ ಅಗೆದ ಹೊಲ ಕಣ್ಣಿಗೆ ಕಾಣುತ್ತದೆ, ಪಂಚನಾಮೆ ಮಾಡಬಹುದು. ನವಿಲು ತಿಂದ ಬೀಜವನ್ನು ಅಳೆಯುವುದು ಹೇಗೆ? ಮೊಳಕೆ ಬಾರದ್ದಕ್ಕೆ ಬೀಜ ಕಳಪೆಯೋ, ಮಳೆ ತಪ್ಪಿದ್ದೋ, ಹಕ್ಕಿ ತಿಂದದ್ದೋ ಎಂದು ಸಿಬ್ಬಂದಿ ಬರುವ ಹೊತ್ತಿಗೆ ಹೇಳಲು ಯಾರಿಂದಲೂ ಆಗುವುದಿಲ್ಲ. ಹೀಗೆ ರಾಷ್ಟ್ರಪಕ್ಷಿ ಸಾಕುವ ಖರ್ಚು ಸಣ್ಣ ಹಿಡುವಳಿಯ ರೈತನ ತಲೆಗೆ ಬಂದು ಕೂರುತ್ತದೆ. ಇದು ಅನ್ಯಾಯವೇ ಅಲ್ವಾ?

ನವಿಲನ್ನು ಪಟ್ಟಿಯಿಂದ ಇಳಿಸಿದರೆ?

ಇಲ್ಲಿಂದಲೇ ನವಿಲನ್ನು ಒಂದನೇ ಅನುಸೂಚಿಯಿಂದ ಎರಡನೆಯದಕ್ಕೆ ಇಳಿಸಿ ಎಂಬ ವಾದ ಹುಟ್ಟುತ್ತದೆ. ಇದರ ಕಾನೂನಿನ ಅರ್ಥ ತಿಳಿದುಕೊಳ್ಳಬೇಕು. ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದಾದ ಕಾರಣಗಳು ಎರಡೇ: ಅದು ಮನುಷ್ಯರ ಜೀವಕ್ಕೆ ಅಪಾಯ ಆಗಿರಬೇಕು, ಇಲ್ಲವೇ ವಾಸಿಯಾಗದಷ್ಟು ಗಾಯ ಅಥವಾ ರೋಗ ಇರಬೇಕು. ಬೆಳೆ ಹಾನಿ ಇದರಲ್ಲಿ ಬರುವುದಿಲ್ಲ. ಎರಡನೇ ಅನುಸೂಚಿಯಾದರೆ ಬೆಳೆ ಹಾನಿಯೂ ಕಾರಣವಾಗುತ್ತದೆ. ಜೊತೆಗೆ ಇಂತಿಂಥ ಕಡೆ, ಇಷ್ಟು ಅವಧಿಗೆ ಇದು ಪೀಡೆ ಎಂದು ಕೇಂದ್ರ ಸರ್ಕಾರ ಘೋಷಿಸಲು ದಾರಿ ತೆರೆಯುತ್ತದೆ. ಕಾಡುಹಂದಿಯ ವಿಷಯದಲ್ಲಿ ಕೆಲವು ರಾಜ್ಯಗಳಲ್ಲಿ ಹಾಗೆ ಆಗಿದೆ. ಅನುಸೂಚಿ ಬದಲಿಸಲು ಸಂಸತ್ತಿಗೂ ಹೋಗಬೇಕಿಲ್ಲ, ಕೇಂದ್ರದ ಅಧಿಸೂಚನೆ ಸಾಕು.

ದಾರಿ ಇದೆ ಎಂದ ಮಾತ್ರಕ್ಕೆ ಆ ದಾರಿಯಲ್ಲಿ ಯಾರಾದರೂ ಹೋಗುತ್ತಾರೆ ಎಂದಲ್ಲ. 2016ರಲ್ಲಿ ಗೋವಾದಲ್ಲಿ ನವಿಲನ್ನು ಪೀಡೆಯ ಪಟ್ಟಿಗೆ ಸೇರಿಸುವ ಮಾತು ಬಂದಾಗ ಎದ್ದ ಗದ್ದಲ ನೆನಪಿರಬಹುದು. ರಾಷ್ಟ್ರಪಕ್ಷಿಯನ್ನು ಕೊಲ್ಲಲು ಸಹಿ ಹಾಕುವ ಸಚಿವರು ಯಾವ ಪಕ್ಷದಲ್ಲೂ ಸಿಗುವುದು ಕಷ್ಟ.

ವನ್ಯಜೀವಿ ಪರ ಇರುವವರ ಆಕ್ಷೇಪಣೆಯೂ ಕಡೆಗಣಿಸುವಂಥದ್ದಲ್ಲ. ಉದುರಿದ ಗರಿಯನ್ನು ದೇಶದೊಳಗೆ ಮಾರಲು ಈಗಲೂ ಅವಕಾಶವಿದೆ. ಗರಿ ಉದುರಿದ್ದೋ ಕಿತ್ತದ್ದೋ ಎಂದು ಸಂತೆಯಲ್ಲಿ ಪತ್ತೆ ಹಚ್ಚುವುದು ಸುಲಭವಲ್ಲ. ರಕ್ಷಣೆ ಸಡಿಲವಾದರೆ ಈ ಸಂದು ದೊಡ್ಡದಾಗುತ್ತದೆ. ಇನ್ನೊಂದು, ವಿಷ. ಕೀಟನಾಶಕ ಲೇಪಿಸಿದ ಬೀಜ ತಿಂದು ನವಿಲುಗಳು ಸತ್ತ ಸುದ್ದಿಗಳು ಈಗಲೇ ಬರುತ್ತವೆ. ವಿಷ ನವಿಲೊಂದನ್ನೇ ಹುಡುಕಿ ಕೊಲ್ಲುವುದಿಲ್ಲ. ಗೌಜಲಕ್ಕಿ, ಬೆಳವ, ಸತ್ತ ಹಕ್ಕಿ ತಿಂದ ನಾಯಿ, ಎಲ್ಲಕ್ಕೂ ಪಾಲು ಇದೆ.

ನನ್ನ ಅಭಿಪ್ರಾಯದಲ್ಲಿ ಇಳಿಸುವ ವಾದದ ದೊಡ್ಡ ದೌರ್ಬಲ್ಯ ಬೇರೆ. ನವಿಲು ಜಾಸ್ತಿ ಆಗಿದ್ದು ಕಾನೂನೊಂದರಿಂದಲೇ ಅಲ್ಲ. ನೀರು, ಪೊದೆ, ವರ್ಷಪೂರ್ತಿ ಬೆಳೆಯೂ ಕಾರಣ. ಇವು ಇದ್ದಲ್ಲೇ ಇದ್ದರೆ ಹತ್ತು ಹಕ್ಕಿ ಕೊಂದ ಜಾಗಕ್ಕೆ ಪಕ್ಕದೂರಿನ ಹತ್ತು ಬರುತ್ತವೆ. ಬಿತ್ತನೆಯ ಹತ್ತು ಹದಿನೈದು ದಿನ ಕಾವಲಿಗೆ ಕೂಲಿ ನೆರವು, ಮರುಬಿತ್ತನೆಗೆ ಬೀಜ, ಹೊಲದ ಅಂಚಿನ ಬಳ್ಳಾರಿ ಜಾಲಿ ತೆಗೆಯಲು ಉದ್ಯೋಗ ಖಾತ್ರಿಯಂಥ ಯೋಜನೆಯ ಕೆಲಸ, ಇವು ಅನುಸೂಚಿ ಬದಲಾವಣೆಗಿಂತ ಬೇಗ ರೈತನ ಕೈಗೆ ಸಿಗುವಂಥವು. ಜಾಲಿ ತೆಗೆದರೆ ಹುಲ್ಲಿಗೂ ಜಾಗ ಆಗುತ್ತದೆ ಎಂಬುದು ಹೆಚ್ಚಿನ ಲಾಭ.

ಇನ್ನು ನವಿಲನ್ನು ಇಳಿಸಿದರೆ ಎರೆಭೂತಕ್ಕೆ ಏನು ಸಿಗುತ್ತದೆ? ಏನೂ ಇಲ್ಲ. ಒಂದರ ರಕ್ಷಣೆ ಕಿತ್ತು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ.

ಗದಗದ ಗಾಳಿ, ಗದಗದ ತಂತಿ

ಎರೆಭೂತಕ್ಕೆ ಈಗ ದೊಡ್ಡ ಕಂಟಕ ತಂತಿ. ಗಂಡು ಹಕ್ಕಿ 15 ಕಿಲೋ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಜಗತ್ತಿನ ಅತಿ ಭಾರದವುಗಳ ಸಾಲಿನಲ್ಲಿದೆ. ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತ ಚೆನ್ನಾಗಿ ಕಾಣುತ್ತದೆ, ನೇರ ಮುಂದೆ ಕಾಣುವುದು ಕಮ್ಮಿ. ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಆ ಭಾರದ ಮೈಯನ್ನು ಪಕ್ಕಕ್ಕೆ ತಿರುಗಿಸಲು ಸಮಯ ಸಾಲುವುದಿಲ್ಲ. ಥಾರ್ ಮರುಭೂಮಿಯ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ಎಲ್ಲ ಜಾತಿ ಸೇರಿ ವರ್ಷಕ್ಕೆ 84,000 ಹಕ್ಕಿಗಳು ತಂತಿಯಿಂದ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ಅದರಲ್ಲಿ ಎರೆಭೂತ ವರ್ಷಕ್ಕೆ 18 ಇರಬಹುದು ಎಂಬುದು ಅದರ ಲೆಕ್ಕ. 150ರಲ್ಲಿ 18, ವರ್ಷಕ್ಕೊಂದೇ ಮೊಟ್ಟೆ ಇಡುವ ಹಕ್ಕಿ. ಗುಣಾಕಾರ ಬೇಕಿಲ್ಲ.

ಗದಗಿಗೂ ಇದಕ್ಕೂ ಏನು ಸಂಬಂಧ? ಗದಗ, ಕೊಪ್ಪಳ ಭಾಗ ಕರ್ನಾಟಕದ ಗಾಳಿ ಮತ್ತು ಸೌರ ವಿದ್ಯುತ್ತಿನ ನೆಲೆ. ಕಪ್ಪತಗುಡ್ಡದ ಸಾಲಿನ ಸುತ್ತ ಗಾಳಿಯಂತ್ರ ಕಾಣದ ದಿಕ್ಕೇ ಕಮ್ಮಿ. ಕೇಂದ್ರದ ಯೋಜನೆಯಲ್ಲಿ ಈ ಎರಡು ಜಿಲ್ಲೆಗಳು ನವೀಕರಿಸಬಹುದಾದ ಇಂಧನ ವಲಯಗಳಾಗಿ ಗುರುತಾಗಿವೆ. ದೊಡ್ಡ ಪ್ರಸರಣ ಕೇಂದ್ರ, ದೊಡ್ಡ ಲೈನ್ ಬರುತ್ತಿವೆ. ಸಿರುಗುಪ್ಪ ಇಲ್ಲಿಂದ ಪೂರ್ವಕ್ಕೆ, ಅದೇ ಎರೆ ಬಯಲಿನ ಮುಂದುವರಿಕೆಯಲ್ಲಿದೆ.

ಕಾನೂನಿನ ಒಂದು ತೂತು ಇಲ್ಲಿ ಮುಖ್ಯ. ಪವನ ವಿದ್ಯುತ್ ಮತ್ತು ಸೌರ ಫಲಕದ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಅನ್ವಯಿಸುವುದಿಲ್ಲ. ಹೊಗೆ ಇಲ್ಲದ ವಿದ್ಯುತ್, ಹಾಗಾಗಿ ವಿನಾಯಿತಿ. ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪಟ್ಟಾ ಹೊಲ, ಕಂದಾಯ ಭೂಮಿಯಾದರೆ ಇಲ್ಲಿ ಯಾವ ಹಕ್ಕಿ ಇದೆ ಎಂದು ಕೇಳಲೇಬೇಕಾದ ಹಂತವೇ ಇರುವುದಿಲ್ಲ. ಎರೆಭೂತದ ನೆಲ ಹೆಚ್ಚಾಗಿ ಇಂಥ ಕಂದಾಯ ಭೂಮಿ, ಹೊಲ, ಗೋಮಾಳ. ಅನುಸೂಚಿ ಒಂದರ ಕಾವಲು ಹಕ್ಕಿಯ ಮೈಗಿದೆ, ಅದು ನಿಂತ ಸರ್ವೆ ನಂಬರಿಗೆ ಇಲ್ಲ.

ಇಂಧನ ಕಂಪನಿಗಳ ಪರವಾದ ವಾದದಲ್ಲೂ ಸತ್ಯವಿದೆ. ಕಲ್ಲಿದ್ದಲು ಸುಟ್ಟರೆ ಆಗುವ ಹಾನಿ ಹಕ್ಕಿಗೂ ತಪ್ಪಿದ್ದಲ್ಲ. ಗಾಳಿಯಂತ್ರಕ್ಕೆ ಜಾಗ ಕೊಟ್ಟ ಒಣಬೇಸಾಯದ ರೈತನಿಗೆ ಸಿಗುವ ದುಡ್ಡು ಮಳೆಯನ್ನು ಕಾಯುವುದಿಲ್ಲ. ಗಾಳಿಯಂತ್ರ ಬೇಡವೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಸಮಿತಿ ರಾಜಸ್ಥಾನದಲ್ಲಿ ಮಾಡಿದ್ದೂ ಅದನ್ನೇ: 99,000 ಚದರ ಕಿಲೋಮೀಟರ್‌ನ ಸಾರಾಸಗಟು ನಿರ್ಬಂಧ ಬಿಟ್ಟು, ಮುಖ್ಯವಾದ 14,000ಕ್ಕೆ ಗಟ್ಟಿ ನಿಯಮ, ಲೈನ್‌ಗಳಿಗೆ ಗೊತ್ತುಮಾಡಿದ ದಾರಿ. ಇದು ನಡುದಾರಿ ಅನ್ನಿಸುತ್ತದೆ. ಹಕ್ಕಿಯ ಪರ ಇರುವವರಿಗೆ ಇದು ಸಾಲದು. ಎರೆಭೂತ ನಕ್ಷೆ ಓದಿ ಹಾರುವುದಿಲ್ಲವಲ್ಲ ಎಂಬ ಅವರ ಮಾತೂ ಸರಿಯೇ.

ಈ ಭಾಗದಲ್ಲಿ ತಂತಿಯ ಪ್ರಶ್ನೆ ಎರೆಭೂತಕ್ಕೆ ಮಾತ್ರ ಸೇರಿದ್ದಲ್ಲ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹೆಬ್ಬಾತು ಅಳಿವಿನಂಚಿನ ಹಕ್ಕಿಯಲ್ಲ. ಆದರೆ ಸಂಜೆ, ನಸುಕು ಮಬ್ಬಿನಲ್ಲಿ ಕೆರೆಗೂ ಹೊಲಕ್ಕೂ ಗುಂಪಾಗಿ ಓಡಾಡುವ ದೊಡ್ಡ ಹಕ್ಕಿ. ಕೆರೆಯ ಅಂಗಳಕ್ಕೆ ರಕ್ಷಣೆ ಕೊಟ್ಟು ಅದು ಹಾರುವ ದಾರಿಗೆ ಅಡ್ಡ ತಂತಿ ಎಳೆದರೆ ಪಟ್ಟಿಯ ಗೌರವ ಕೆರೆಗಷ್ಟೇ ಉಳಿಯುತ್ತದೆ.

ಮುಂದೆ ಏನಾಗಬಹುದು

ನವಿಲಿನ ವಿಷಯದಲ್ಲಿ ಹತ್ತಿರದ ದಿನಗಳಲ್ಲಿ ಅನುಸೂಚಿ ಬದಲಾಗುವ ಲಕ್ಷಣ ಇಲ್ಲ. ಪರಿಹಾರದ ಒತ್ತಡ ಹೆಚ್ಚುತ್ತದೆ. ಅದಕ್ಕೆ ದಾರಿ ಮಾಡದಿದ್ದರೆ ವಿಷದ ಬೀಜ ಹೆಚ್ಚುತ್ತದೆ. ಕಾನೂನು ಎಷ್ಟೇ ಬಿಗಿ ಇದ್ದರೂ ರಾತ್ರಿ ಹೊಲಕ್ಕೆ ಎಸೆದ ಕಾಳನ್ನು ಕಾಯಲು ಯಾವ ಇಲಾಖೆಗೂ ಆಗದು.

ಎರೆಭೂತದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಈ ಹಕ್ಕಿಗಾಗಿಯೇ ವನ್ಯಧಾಮ ಮಾಡಿದರು. ಒಳಗಿದ್ದ ರೈತರು ತಮ್ಮದೇ ಭೂಮಿ ಮಾರಲೂ ಆಗದ ಸ್ಥಿತಿ ಬಂತು. ಕೃಷ್ಣಮೃಗ ಹೆಚ್ಚಾಗಿ ಬೆಳೆ ತಿಂದವು. ಸಿಟ್ಟು ಹಕ್ಕಿಯ ಮೇಲೆ ತಿರುಗಿತು. 90ರ ದಶಕದಲ್ಲೇ ಅಲ್ಲಿ ಎರೆಭೂತ ಇಲ್ಲವಾಯಿತು. ಸಿರುಗುಪ್ಪದಲ್ಲಾಗಲಿ ಇಲ್ಲಾಗಲಿ ಬೇಲಿ ಹಾಕಿ ರೈತರನ್ನು ಹೊರಗಿಟ್ಟರೆ ಇದೇ ಕಥೆ ಮತ್ತೆ ನಡೆಯುತ್ತದೆ. ಹಕ್ಕಿ ಬದುಕುವುದೇ ಅವರ ಹೊಲದಲ್ಲಿ. ಒಣಬೇಸಾಯ ಮುಂದುವರಿಸಲು, ಹೊಲ ಕೆಲವು ತಿಂಗಳು ಖಾಲಿ ಬಿಡಲು ದುಡ್ಡು ಕೊಡುವುದು ಬೇಲಿಗಿಂತ ಅಗ್ಗ.

ಭರವಸೆಯ ಸುದ್ದಿಯೂ ಒಂದಿದೆ. ಜೈಸಲ್ಮೇರ್ ಬಳಿ 2019ರಿಂದ ಕಾಡಿನ ಮೊಟ್ಟೆ ತಂದು, ಕಾವು ಕೊಟ್ಟು, ಮರಿ ಸಾಕುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಸಾಕಿದ ಹಕ್ಕಿಗಳ ಸಂಖ್ಯೆ 60 ದಾಟಿದೆ. ಇವನ್ನು ಎಂದಾದರೂ ಬಯಲಿಗೆ ಬಿಡಬೇಕು. ಮೊದಲ ಸರದಿ ಸಹಜವಾಗಿಯೇ ರಾಜಸ್ಥಾನ, ಗುಜರಾತಿನದು. ಹಳೆಯ ನೆಲೆಗಳಾದ ದಖ್ಖನ್ ಬಯಲಿಗೆ ಸರದಿ ಬರುವ ದಿನ ಕರ್ನಾಟಕ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ: ತಂತಿ ಇಲ್ಲದ, ನೀಲಗಿರಿ ಇಲ್ಲದ, ಜಾಲಿ ಇಲ್ಲದ ಹುಲ್ಲುಬಯಲು ಎಲ್ಲಿದೆ? ರಾಣೆಬೆನ್ನೂರಿನ ತೋಪಿನಲ್ಲಿ ಎಷ್ಟು ಭಾಗ ಮತ್ತೆ ಹುಲ್ಲಾಗಬೇಕು ಎಂಬುದು ಅರಣ್ಯ ಇಲಾಖೆ ಕೈಯಲ್ಲಿದೆ. ಗದಗ ಕಡೆಯ ಗೋಮಾಳ ಹುಲ್ಲಾಗಿ ಉಳಿಯಬೇಕೋ, ಸೌರ ಘಟಕಕ್ಕೆ ಗುತ್ತಿಗೆ ಹೋಗಬೇಕೋ ಎಂಬುದು ತಹಶೀಲ್ದಾರರ ಕಡತದಿಂದ ಜಿಲ್ಲಾಧಿಕಾರಿಗಳ ಮೇಜಿಗೆ ಹೋಗುವ ವಿಷಯ. ಆ ಕಡತದಲ್ಲಿ ಸದ್ಯಕ್ಕೆ ಹಕ್ಕಿಯ ಹೆಸರು ಬರೆಯಲು ಕಾಲಂ ಇಲ್ಲ.